ಬೇಸಿಗೆ ರಜೆಗೆ ಎಲ್ಲ ಮಕ್ಕಳನ್ನೂ ಅಜ್ಜಿ ಮನೆಯಲ್ಲಿ ಸೇರಿಸಬೇಕು ಅಂತಿದ್ದೇನೆ, ಈಗಿನ ಕಾಲಕ್ಕೆ ಆಗುತ್ತಾ?

ತೋಟದಾಚೆ ಮನೆ:
ಎಲ್ಲರಿಗೂ ನಮಸ್ಕಾರ. ಅಮ್ಮನ ತವರು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಅಜ್ಜ ಅಜ್ಜಿ ಈಗಿಲ್ಲ. ಮನೆ, ತೋಟ ಎರಡನ್ನೂ ಮಾವ ಅತ್ತೆ ನೋಡಿಕೊಳ್ಳುತ್ತಿದ್ದಾರೆ. ನಾವು ಚಿಕ್ಕವರಿದ್ದಾಗ ದೊಡ್ಡಮ್ಮ, ಚಿಕ್ಕಮ್ಮಂದಿರ ಮಕ್ಕಳೆಲ್ಲ ಬೇಸಿಗೆ ಪೂರ್ತಿ ಅಲ್ಲೇ ಇರುತ್ತಿದ್ದೆವು. ಏಪ್ರಿಲ್ 10ಕ್ಕೆ ರಿಸಲ್ಟ್ ನೋಡಿ ಹೊರಟರೆ ಶಾಲೆ ಶುರುವಾಗುವ ಹೊತ್ತಿಗೆ ವಾಪಸ್. ಯಾರೂ ನಮಗೆ ಏನೂ ಪ್ರೋಗ್ರಾಂ ಹಾಕಿಕೊಡುತ್ತಿರಲಿಲ್ಲ. ಹಲಸಿನ ಹಪ್ಪಳ ಕಾಯುವುದು, ಹಳ್ಳಕ್ಕೆ ಹೋಗುವುದು, ಜಗಳ ಆಡುವುದು, ರಾತ್ರಿ ಜಗಲಿಯಲ್ಲಿ ಸಾಲಾಗಿ ಮಲಗುವುದು. ಅಷ್ಟೇ.

ಈಗ ನಾವೆಲ್ಲ ವರ್ಷಕ್ಕೊಮ್ಮೆ ಯಾವುದಾದರೂ ರೆಸಾರ್ಟಲ್ಲಿ ಸೇರುತ್ತೇವೆ. ಎರಡು ದಿನ. ಊಟ, ಫೋಟೋ, ಟಾಟಾ. ಹೋದ ಸಲ ವಾಪಸ್ ಬರುವಾಗ ಕಾರಲ್ಲಿ ಮಗಳು ಕೇಳಿದಳು, "ಅಮ್ಮಾ, ಆ ನೀಲಿ ಫ್ರಾಕ್ ಹುಡುಗಿ ನಮಗೆ ಏನಾಗಬೇಕು?" ಆ ಹುಡುಗಿ ನನ್ನ ದೊಡ್ಡಮ್ಮನ ಮೊಮ್ಮಗಳು. ನಾನು, ಅವಳ ಅಮ್ಮ ಒಂದೇ ಕಂಬಳಿ ಹೊದ್ದು ಬೆಳೆದವರು. ಎರಡು ದಿನ ಜೊತೆಗಿದ್ದೂ ಮಕ್ಕಳಿಗೆ ಒಬ್ಬರ ಹೆಸರು ಒಬ್ಬರಿಗೆ ಸರಿಯಾಗಿ ಗೊತ್ತಾಗಿಲ್ಲ.

ಅದಕ್ಕೆ ಈ ಸಲ ಎಲ್ಲ ಮಕ್ಕಳನ್ನೂ ಒಂದು ತಿಂಗಳು ಊರಲ್ಲಿ ಬಿಡೋಣ ಅಂತ ಹೇಳಿದೆ. ಅತ್ತೆ "ಬನ್ನಿ ಬನ್ನಿ" ಅಂದರು. ಅಣ್ಣ ಮಾತ್ರ "ನಿಂಗೆ ಹುಚ್ಚಾ? ಅತ್ತೆಗೆ ಮಂಡಿ ನೋವು, ಮಕ್ಕಳಿಗೆ ಎರಡನೇ ದಿನಕ್ಕೇ ಬೋರಾಗುತ್ತೆ" ಅಂತಾನೆ. ನೀವೇನಂತೀರಿ? ನಿಮ್ಮ ರಜೆ ಹೇಗಿತ್ತು ಅಂತಾನೂ ಹೇಳಿ.

ದಾವಣಗೆರೆ ಬೆಣ್ಣೆ:
ಏಪ್ರಿಲ್ 10 ಅಂದ ತಕ್ಷಣ ಇವತ್ತಿಗೂ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ. ಬೆಳಗ್ಗೆ ರಿಸಲ್ಟ್, ಸಂಜೆ ಬಸ್ಸು!

ಘಾಟಿ ಗಾಡಿ:
ಖಂಡಿತ ಕಳಿಸಿ. ನಮ್ಮದು ಹಾಸನ, ಅಜ್ಜನ ಮನೆ ಪುತ್ತೂರಿನ ಕಡೆ. ಹಾಸನ–ಮಂಗಳೂರು ರೈಲು ಮಾರ್ಗ 1979ರಲ್ಲಿ ಶುರುವಾಯಿತು, ನಮ್ಮ ಬಾಲ್ಯ ಪೂರ್ತಿ ಆ ಮೀಟರ್ ಗೇಜ್ ಗಾಡಿಯಲ್ಲೇ. ಸಕಲೇಶಪುರ ದಾಟಿದ ಮೇಲೆ ಅಣ್ಣ ಸುರಂಗ ಎಣಿಸುತ್ತಿದ್ದ, ನಾನು ಸೇತುವೆ. ಸುರಂಗ 57 ಅಂತ ಅಪ್ಪ ಮೊದಲೇ ಹೇಳಿದ್ದರು, ಆದರೂ ಎಣಿಸಿಯೇ ಆಗಬೇಕು. ಒಂದು ತಪ್ಪಿದರೆ ಜಗಳ. ಅಮ್ಮ ಇಬ್ಬರ ಬಾಯಿಗೂ ಚಕ್ಕುಲಿ ತುರುಕುತ್ತಿದ್ದಳು.

ಕಬಕ ಪುತ್ತೂರು ಸ್ಟೇಷನ್ನಿನಲ್ಲಿ ಅಜ್ಜ ನಿಂತಿರುತ್ತಿದ್ದರು. ಕಂಕುಳಲ್ಲಿ ಕೊಡೆ, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ನಾವು ಬರುವ ದಿನ ಅವರಿಗೆ ಹೇಗೆ ಗೊತ್ತಾಗುತ್ತೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಮನೆಯಲ್ಲಿ ಫೋನಿಲ್ಲ. ಅಪ್ಪ ಇನ್‌ಲ್ಯಾಂಡ್ ಲೆಟರಿನಲ್ಲಿ "ರಿಸಲ್ಟ್ ಆದ ವಾರ ಹೊರಡುತ್ತೇವೆ" ಅಂತ ಮಾತ್ರ ಬರೆಯುತ್ತಿದ್ದರು. ಅಜ್ಜ ಹೋದ ಮೇಲೆ ಚಿಕ್ಕಮ್ಮ ಹೇಳಿದರು: ಆ ವಾರ ದಿನಾ ಗಾಡಿ ಹೊತ್ತಿಗೆ ಸ್ಟೇಷನ್ನಿಗೆ ನಡೆದುಕೊಂಡು ಹೋಗುತ್ತಿದ್ದರಂತೆ. ನಾವು ಇಳಿಯದಿದ್ದರೆ ಬಾಳೆಹಣ್ಣು ಯಾರಿಗಾದರೂ ಕೊಟ್ಟು ವಾಪಸ್ ಬರುತ್ತಿದ್ದರಂತೆ.

1996ರಲ್ಲಿ ಬ್ರಾಡ್ ಗೇಜ್ ಮಾಡಲು ಆ ಮಾರ್ಗ ಮುಚ್ಚಿದರು. ಮತ್ತೆ ಪ್ರಯಾಣಿಕರ ಗಾಡಿ ಓಡಿದ್ದು 2007ರ ಕೊನೆಗೆ. ಆ ನಡುವೆ ಹುಟ್ಟಿದ ನಮ್ಮ ಚಿಕ್ಕಪ್ಪನ ಮಕ್ಕಳಿಗೆ ಅಜ್ಜನ ಮನೆ ಅಂದರೆ ಶಿರಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿಗೆ ತಲೆಯಿಟ್ಟು ವಾಂತಿ ಮಾಡಿದ್ದೇ ನೆನಪು.

ಯಡಕುಮೇರಿ:
ಆ 57 ಸುರಂಗವೂ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಒಳಗೇ ಬರುತ್ತೆ. ಬೆಂಗಳೂರಿಂದ ರಾತ್ರಿ ಗಾಡಿ ಹತ್ತಿದ ನಮಗೆ ಅಷ್ಟೂ ನಿದ್ದೆಯಲ್ಲೇ ಹೋಗುತ್ತಿತ್ತು. ಹಗಲು ಹೋದ ನೀವು ಪುಣ್ಯವಂತರು.

ಮಾಳಿಗೆ ಮನಿ:
ನಮ್ಮ ಕಡೆ ಬೇರೆ ಥರ. ಹಾವೇರಿ ಜಿಲ್ಲೆ, ಬ್ಯಾಡಗಿ ಹತ್ತಿರ. ಹಳ್ಳ, ತೋಟ, ಹಲಸು ಅಂತ ನೀವೆಲ್ಲ ಬರೆಯುವಾಗ ನನಗೆ ಅನಿಸುವುದು, ಬಯಲುಸೀಮೆಯ ಬೇಸಿಗೆಯನ್ನು ಯಾರೂ ಹೇಳುವುದೇ ಇಲ್ಲ ಅಂತ. ಹೊಲದಲ್ಲಿ ಏನೂ ಇಲ್ಲ, ಬರೀ ಬಿಸಿಲು. ಆ ಬಿಸಿಲೇ ನಮ್ಮ ಮನೆಗೆ ಬೇಕಾಗಿದ್ದದ್ದು. ವರ್ಷಕ್ಕಾಗುವಷ್ಟು ಶಾವಿಗೆ, ಹಪ್ಪಳ, ಸಂಡಿಗೆ, ಖಾರದಪುಡಿ ಎಲ್ಲ ಆ ಎರಡು ತಿಂಗಳಲ್ಲೇ ಆಗಬೇಕು.

ಶಾವಿಗೆ ದಿನ ಮಂಚಕ್ಕೆ ಮಣೆ ಇಳಿಜಾರಾಗಿ ಆನಿಸಿ ಇಡುತ್ತಿದ್ದರು. ಅಜ್ಜಿ ಮೇಲೆ ಕೂತು ನಾದಿದ ಗೋಧಿ ಕಣಕವನ್ನು ಅಂಗೈಯಲ್ಲಿ ಮುಂದಕ್ಕೆ ಹಿಂದಕ್ಕೆ ಹೊಸೆಯುತ್ತಿದ್ದಳು. ಮಣೆಯ ಗೀರುಗಳಲ್ಲಿ ಹಾದು ಸಣ್ಣ ಸಣ್ಣ ಎಳೆ ಕೆಳಗಿಳಿಯುತ್ತಿತ್ತು. ಕೆಳಗೆ ಕೂತ ನಾವು ಅದನ್ನು ಎರಡೂ ಕೈಯಲ್ಲಿ ಹಿಡಿದು, ಹರಿಯದಂತೆ ಕೋಲಿನ ಮೇಲೆ ಹಾಕಬೇಕು. ಬೆವರಿದ ಕೈಗೆ ಅಂಟಿದರೆ ಹರಿಯಿತು ಅಂತಲೇ ಲೆಕ್ಕ. ಹರಿದರೂ ಅಜ್ಜಿ ಬೈಯುತ್ತಿರಲಿಲ್ಲ. "ಹಿಡಿ ಹಿಡಿ, ಮುಂದಿಂದು ನೋಡು" ಅನ್ನುತ್ತಿದ್ದಳು. ಪಕ್ಕದ ಮನೆಯವರು ಇವತ್ತು ನಮ್ಮಲ್ಲಿ, ನಾಳೆ ನಾವು ಅವರಲ್ಲಿ. ಕೂಲಿ ಗೀಲಿ ಏನಿಲ್ಲ.

ರಾತ್ರಿ ಮಾಳಿಗೆ ಮೇಲೆ ಕೌದಿ ಹಾಸಿಕೊಂಡು ಮಲಗುವುದು. ಕೌದಿಯ ತುಂಡು ತುಂಡು ಬಟ್ಟೆ ತೋರಿಸಿ ಅಜ್ಜಿ ಹೇಳುತ್ತಿದ್ದಳು: ಇದು ನಿಮ್ಮವ್ವ ಸಾಲಿಗೆ ಉಟ್ಟ ಲಂಗ, ಇದು ದೊಡ್ಡವ್ವನ ಮದುವಿ ಕುಬಸ. ಅಮ್ಮನೂ ಒಮ್ಮೆ ಹುಡುಗಿಯಾಗಿದ್ದಳು ಅಂತ ನನಗೆ ಗೊತ್ತಾದದ್ದು ಆ ಕೌದಿ ಮೇಲೆ ಮಲಗಿ. ಮೇ ಕೊನೆಗೆ ರೋಹಿಣಿ ಮಳೆ ಬಂದರೆ "ಓಣಿಯೆಲ್ಲಾ ಜೋಳ" ಅಂತ ದೊಡ್ಡವರಿಗೆ ಸಂತೋಷ. ನಮಗೆ ಮಾತ್ರ ಶಾಲೆ ಬಂತು ಅಂತ ಅಳು.

ದಾವಣಗೆರೆ ಬೆಣ್ಣೆ:
ಕಾರಹುಣ್ಣಿಮೆಗೆ ಎತ್ತಿನ ಕರಿ ಹರಿಯುವುದನ್ನು ನೋಡಿಯೇ ಹೋಗುತ್ತೇನೆ ಅಂತ ನಾನು ಪ್ರತಿ ವರ್ಷ ಹಟ ಹಿಡಿಯುತ್ತಿದ್ದೆ. ಅದು ಬರುವುದು ಜೂನ್‌ನಲ್ಲಿ, ಶಾಲೆ ಶುರುವಾಗಿರುತ್ತಿತ್ತು. ಒಂದು ಸಲ ಮಾವ ಶಾಲೆಗೆ ಜ್ವರ ಅಂತ ಚೀಟಿ ಬರೆದು ಉಳಿಸಿಕೊಂಡರು. ಆ ಮಾವನ ಮೇಲೆ ನನಗೆ ಇವತ್ತಿಗೂ ಬೇರೆಯೇ ಪ್ರೀತಿ.

ಒರಳುಕಲ್ಲು:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಿಮ್ಮೆಲ್ಲರ ಕಥೆಯಲ್ಲಿ ಅಡುಗೆಮನೆಯೊಳಗೆ ಒಬ್ಬಳು ಅತ್ತೆ ಇರುತ್ತಾಳಲ್ಲ, ನಾನು ಅವಳು. 1982ರಲ್ಲಿ ಮದುವೆಯಾಗಿ ಸಾಗರದ ಕಡೆಯ ತುಂಬಿದ ಮನೆಗೆ ಬಂದೆ. ನಾದಿನಿಯರು ಹೆಚ್ಚು, ಅವರ ಮಕ್ಕಳೂ ಹೆಚ್ಚು. ಮಾವಿನ ಮಿಡಿ ಬಿಡುವ ಹೊತ್ತಿಗೆ ನನಗೆ ಭಯ ಶುರುವಾಗುತ್ತಿತ್ತು.

ಮಿಕ್ಸಿ ಗ್ರೈಂಡರ್ ಇಲ್ಲದ ಕಾಲ. ಮಧ್ಯಾಹ್ನದ ಪಾತ್ರೆ ಮುಗಿಸಿ ಒರಳಿನ ಮುಂದೆ ಕೂತರೆ ದೋಸೆಗೆ ಬೀಸಿ ಏಳುವಾಗ ದೀಪ ಹಚ್ಚುವ ಹೊತ್ತು. ಬೆಳಗ್ಗೆ ಒಲೆ ಮುಂದೆ ಕೂತು ಎರಡು ಕಾವಲಿಯಲ್ಲಿ ದೋಸೆ ಹೊಯ್ಯುವುದು. ಕೊನೆಯ ಮಗು ತಿಂದು ಏಳುವಷ್ಟರಲ್ಲಿ ಮೊದಲು ತಿಂದದ್ದು ಹಳ್ಳದಲ್ಲಿ ಆಡಿ ಮತ್ತೆ ಹಸಿದು ಬಂದಿರುತ್ತಿತ್ತು. ಬಾವಿಯಿಂದ ನೀರು ಸೇದಿ ಹಂಡೆ ತುಂಬಬೇಕು. ತಲೆಗೆ ಎಣ್ಣೆ ಹಾಕಿ ಸೀಗೆಪುಡಿಯಲ್ಲಿ ಒಬ್ಬೊಬ್ಬರನ್ನೇ ತಿಕ್ಕಬೇಕು. ಮಕ್ಕಳು ಚಿನ್ನದಂಥವು, ಅವರ ಮೇಲೆ ನನಗೆ ಏನೂ ಇಲ್ಲ.

ಒಂದು ಮಾತು ಮಾತ್ರ ಹೇಳಬೇಕು. ನನಗೂ ಶಿರಸಿ ಹತ್ತಿರ ತವರಿತ್ತು. ನನ್ನ ಮಕ್ಕಳಿಗೂ ಒಂದು ಅಜ್ಜಿ ಮನೆ ಇತ್ತು. ನಾದಿನಿಯರು ಬರುವುದು ಬೇಸಿಗೆಗೆ, ಆಗ ಸೊಸೆ ಮನೆ ಬಿಟ್ಟು ಹೋಗುವ ಹಾಗಿಲ್ಲ. ನಾವು ಹೋಗುತ್ತಿದ್ದದ್ದು ದಸರಾ ರಜೆಗೆ. ಆ ಹೊತ್ತಿಗೆ ಮರದಲ್ಲಿ ಮಾವೂ ಇಲ್ಲ, ಅಂಗಳದಲ್ಲಿ ಬೇರೆ ಮಕ್ಕಳೂ ಇಲ್ಲ. ನಮ್ಮಮ್ಮ ನನ್ನ ಮಕ್ಕಳಿಗೆ ಅಂತ ಮಾವಿನ ಹಣ್ಣಿನ ಹಪ್ಪಳ ಒಣಗಿಸಿ ಡಬ್ಬಿಯಲ್ಲಿ ಎತ್ತಿಡುತ್ತಿದ್ದಳು.

ನಾದಿನಿಯ ಮಗಳೊಬ್ಬಳು ಎಲ್ಲರೂ ತೋಟಕ್ಕೆ ಓಡಿದ ಮೇಲೆ ನನ್ನ ಹತ್ತಿರ ಬಂದು ಕೂರುತ್ತಿದ್ದಳು. ಗುಂಡುಕಲ್ಲು ತಿರುಗಿಸುವ ಶಕ್ತಿ ಅವಳಿಗಿಲ್ಲ. ನಾನು ತಿರುಗಿಸುವಾಗ ಅಂಚಿಗೆ ಬಂದ ಹಿಟ್ಟನ್ನು ಒಳಗೆ ತಳ್ಳುತ್ತಿದ್ದಳು. ಬೆರಳು ಸಿಕ್ಕಿಬಿದ್ದೀತು ಅಂತ ನನಗೆ ಹೆದರಿಕೆ. "ಅತ್ತೆ, ನೀನು ಯಾವ ಕ್ಲಾಸ್‌ವರೆಗೆ ಓದಿದ್ದೆ?" ಅಂತ ಆ ಮನೆಯಲ್ಲಿ ನನ್ನನ್ನು ಮೊದಲು ಕೇಳಿದ್ದು ಅವಳೇ. ಈಗ ನನಗೆ ಮಂಡಿ ಆಪರೇಷನ್ ಆದಾಗ ಬೆಂಗಳೂರಲ್ಲಿ ಅವಳ ಮನೆಯಲ್ಲಿದ್ದೆ. ನನ್ನ ಸೊಸೆಗಿಂತ ಮೊದಲು ಬಂದು ನಿಂತದ್ದು ಅವಳು.

ತೋಟದಾಚೆ ಮನೆಯವರೇ, ನಿಮ್ಮ ಅತ್ತೆ "ಬನ್ನಿ" ಅಂದೇ ಅನ್ನುತ್ತಾರೆ. ಬೇಡ ಅನ್ನುವ ಅಭ್ಯಾಸ ನಮಗಿಲ್ಲ. ಅಡುಗೆಮನೆಯಿಂದ ಅವರನ್ನು ಈಚೆ ಕೂರಿಸುವ ಏರ್ಪಾಡು ಮೊದಲು ಮಾಡಿ. ಆಮೇಲೆ ಮಕ್ಕಳ ಬ್ಯಾಗು ಕಟ್ಟಿ.

ಮಾಳಿಗೆ ಮನಿ:
ಅಮ್ಮಾ, ಓದಿ ಗಂಟಲು ಕಟ್ಟಿತು. ಶಾವಿಗೆ ಕಥೆ ಬರೆದೆ, ಮಂಚದ ಕೆಳಗೆ ಬಗ್ಗಿ ಸೊಂಟ ಹಿಡಿದುಕೊಂಡೇ ಕೆಲಸ ಮಾಡುತ್ತಿದ್ದ ಚಿಗವ್ವನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ ನೋಡಿ. ಇವತ್ತೇ ಫೋನ್ ಮಾಡುತ್ತೇನೆ.

ಕೊಪ್ಪದ ಕಾಫಿ:
ಒರಳುಕಲ್ಲು ಅವರ ಮಾತು ಒಪ್ಪುತ್ತೇನೆ. ಆದರೆ ಗಂಡಸರೂ ಸುಮ್ಮನೆ ಕೂತಿರಲಿಲ್ಲ. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡಬೇಕು, ಸೊಪ್ಪು ಹೊರಬೇಕು, ಮಳೆಗಾಲಕ್ಕೆ ಸೌದೆ ಕೂಡಿಹಾಕಬೇಕು. ನಮ್ಮ ಮಾವ ಅದರ ನಡುವೆಯೂ ನಮ್ಮನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಜಾತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಎಲ್ಲ ನೆನಪನ್ನೂ ಕೆದಕಿ ತಪ್ಪು ಹುಡುಕಿದರೆ ಉಳಿಯುವುದೇನು?

ಮೈಸೂರು ಮಲ್ಲಿಗೆ ಬಳ್ಳಿ:
ಸರ್, ಯಾರೂ ತಪ್ಪು ಹುಡುಕುತ್ತಿಲ್ಲ. ತೋಟದ ಕೆಲಸಕ್ಕೆ ಸಂಜೆ ಅಂತ ಒಂದಿತ್ತು. ಮಾವ ಕೈಕಾಲು ತೊಳೆದು ಜಗಲಿಗೆ ಬಂದರೆ ಕಾಫಿ ಬರುತ್ತಿತ್ತು. ಅತ್ತೆಗೆ ಕಾಫಿ ಕೊಟ್ಟವರು ಯಾರು? ನಮ್ಮ ಮನೆಯಲ್ಲಂತೂ ಹೆಂಗಸರ ಪಂಕ್ತಿ ಕೊನೆಗೆ. ಹೋಳಿಗೆ ಮುಗಿದಿದ್ದರೆ ಮುಗಿಯಿತು. ಅದನ್ನು ಹೇಳಿದರೆ ನೆನಪು ಕೆಡುವುದಿಲ್ಲ. ಇನ್ನೂ ಇಬ್ಬರಿಗೆ ಅದರಲ್ಲಿ ಜಾಗ ಸಿಗುತ್ತೆ.

ಕೊಪ್ಪದ ಕಾಫಿ:
ಪಂಕ್ತಿ ಮಾತು ನಿಜ. ನಮ್ಮಲ್ಲೂ ಹಾಗೇ ಇತ್ತು. ಆದರೂ ಮಾವನನ್ನು ನಾನು ಬಿಟ್ಟುಕೊಡುವುದಿಲ್ಲ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ನನಗೆ ಈಜು ಕಲಿಸಿದವರು ಅವರು.

ಹುಣಸೆ ತೋಪು:
ಎಲ್ಲರೂ ತೋಟ, ತೊಟ್ಟಿಮನೆ ಅಂತಿದ್ದೀರಿ. ನಮ್ಮದನ್ನೂ ಹೇಳುತ್ತೇನೆ, ಚಿಂತಾಮಣಿ ಕಡೆಯದು. ನನಗೂ ಅಜ್ಜಿ ಮನೆ ಇತ್ತು, ಒಂದು ಕೋಣೆಯದ್ದು. ರಜೆ ಬಂದರೆ ನಾನು, ದೊಡ್ಡಮ್ಮನ ಮಕ್ಕಳು ಅಲ್ಲಿ ಸೇರುತ್ತಿದ್ದೆವು. ಬೆಳಗ್ಗೆ ಎದ್ದು ಅಜ್ಜಿ ಜೊತೆ ಹುಣಸೆ ಕುಟ್ಟಲು ಹೋಗುವುದೇ ನಮ್ಮ ರಜೆ.

ಆ ಹೊತ್ತಿಗೆ ಮರದಿಂದ ಬಡಿದ ಹುಣಸೆ ರಾಶಿ ರಾಶಿ ಅಂಗಳಕ್ಕೆ ಬಂದಿರುತ್ತೆ. ಓಡು ಬಿಡಿಸಬೇಕು, ನಾರು ಎಳೆಯಬೇಕು, ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ತೆಗೆಯಬೇಕು. ತೂಕದ ಮೇಲೆ ಕೂಲಿ. ಬೆರಳಲ್ಲಿ ಸಣ್ಣ ಗಾಯವಿದ್ದರೂ ಹುಳಿ ತಾಗಿ ಉರಿಯುತ್ತಿತ್ತು. ಅದಕ್ಕೇ ಅಜ್ಜಿ ಕಥೆ ಹೇಳುತ್ತಿದ್ದಳು. ಅರ್ಧ ಕನ್ನಡ, ಅರ್ಧ ತೆಲುಗು. ಕಥೆ ಕೇಳುವಾಗ ಉರಿ ಮರೆತುಹೋಗುತ್ತಿತ್ತು. ಸಂಜೆ ಹುಣಸೆ ಚಿಗುರಿನ ಸಾರು, ಮುದ್ದೆ. ಹುರಿದ ಹುಣಸೆ ಬೀಜ ಜೇಬಲ್ಲಿ.

ಅದು ಊರಿನ ಸಾಹುಕಾರರ ಅಂಗಳ. ಅವರ ಮೊಮ್ಮಕ್ಕಳು ಬೆಂಗಳೂರಿಂದ ರಜೆಗೆ ಬಂದಿರುತ್ತಿದ್ದರು. ಅವರು ಲಗೋರಿ ಆಡುವಾಗ ನಾವು ಅದೇ ಅಂಗಳದ ಮೂಲೆಯಲ್ಲಿ ಕುಟ್ಟುತ್ತಿದ್ದೆವು. ಚೆಂಡು ನಮ್ಮ ಕಡೆ ಬಂದರೆ ಎತ್ತಿ ಎಸೆಯಬಹುದು, ಆಟಕ್ಕೆ ಹೋಗುವ ಹಾಗಿಲ್ಲ. ನೀರು ಕೇಳಿದರೆ ಎತ್ತರದಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಆ ಮಕ್ಕಳೂ ಈಗ ಎಲ್ಲೋ ಕೂತು ತಮ್ಮ ಅಜ್ಜಿ ಮನೆ ನೆನೆಯುತ್ತಿರಬಹುದು. ನೆನೆಯಲಿ. ಆ ಮೂಲೆಯಲ್ಲಿ ಕೂತಿದ್ದವರೂ ನೆನಪಾಗಲಿ.

ಜೂನ್‌ಗೆ ನನಗೆ ನೋಟ್‌ಬುಕ್ಕು, ಅಕ್ಕನಿಗೆ ಲಂಗ ಬರುತ್ತಿದ್ದದ್ದು ಅಜ್ಜಿಯ ಆ ಹುಣಸೆ ದುಡ್ಡಿನಲ್ಲಿ. ತನಗೆ ಅಂತ ಅವಳು ಎಲೆ ಅಡಿಕೆ ಬಿಟ್ಟು ಏನೂ ಕೊಂಡದ್ದು ನಾನು ನೋಡಿಲ್ಲ. ನಾನು ಇವತ್ತು ಮೇಷ್ಟ್ರಾಗಿದ್ದೇನೆ.

ತೋಟದಾಚೆ ಮನೆ:
ಹುಣಸೆ ತೋಪು ಅವರೇ, ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ನಮ್ಮ ಅಜ್ಜಿ ಮನೆಯ ಅಂಗಳದಲ್ಲೂ ಅಡಿಕೆ ಸುಲಿಯುವವರ ಮಕ್ಕಳು ಇರುತ್ತಿದ್ದರು. ಅವರಲ್ಲಿ ಇಬ್ಬರು ಈಗಲೂ ಅದೇ ಊರಲ್ಲಿದ್ದಾರೆ. ಅವರ ಮಕ್ಕಳನ್ನು ಬಿಟ್ಟು ನಮ್ಮ ಮಕ್ಕಳಷ್ಟೇ ಆಡುವ ರಜೆ ನನಗೆ ಬೇಡ.

ಒರಳುಕಲ್ಲು:
ಆಟಕ್ಕಷ್ಟೇ ಅಲ್ಲ ಮಗಳೇ, ಊಟಕ್ಕೂ ಒಟ್ಟಿಗೇ ಕೂರಿಸು.

ಲಾಂಚ್ ಹುಡುಗ:
ನಾವು ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅಜ್ಜನ ಊರು ಮುಳುಗಿತು. ಉಳಿದ ಜಾಗಕ್ಕೆ ಸಾಗರದಿಂದ ಹೋಗಬೇಕೆಂದರೆ ಲಾಂಚೇ ಗತಿ. ಕೊನೆಯ ಲಾಂಚ್ ತಪ್ಪಿತೋ, ರಾತ್ರಿ ಈಚೆ ದಡದಲ್ಲೇ. ಬೇರೆ ಮಕ್ಕಳು ಬಸ್ಸಿನ ಸೀಟಿಗೆ ಜಗಳ ಆಡಿದರೆ ನಾವು ಲಾಂಚಿನ ಕಂಬಿ ಪಕ್ಕದ ಜಾಗಕ್ಕೆ ಆಡುತ್ತಿದ್ದೆವು.

ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತೆ. ತೀರಾ ಇಳಿದ ವರ್ಷ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟೆಯೂ ಮೇಲೆ ಕಾಣುತ್ತೆ. ಅಂಥ ಒಂದು ಬೇಸಿಗೆ ಅಜ್ಜ ನಮ್ಮನ್ನೆಲ್ಲ ಕರೆದುಕೊಂಡು ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದರು. ಒಣಗಿದ ಮರದ ಬೊಡ್ಡೆಗಳು ಮಾತ್ರ ಇದ್ದವು. ಒಂದು ಕಡೆ ನಿಂತು, "ಇದು ಹೆಬ್ಬಾಗಿಲು. ಇಲ್ಲಿ ನಿಮ್ಮ ಅಪ್ಪ ಅಂಬೆಗಾಲಿಟ್ಟ" ಅಂದರು. ಅಪ್ಪ ಅಲ್ಲೇ ಇದ್ದರು, ಏನೂ ಮಾತಾಡಲಿಲ್ಲ. ನಾವು ಮಕ್ಕಳು ಕಲ್ಲು ಜೋಡಿಸಿ ಮನೆಯ ಅಳತೆ ಗುರುತು ಮಾಡಿದೆವು. ಅಡುಗೆಮನೆ ಎಲ್ಲಿ, ಕೊಟ್ಟಿಗೆ ಎಲ್ಲಿ ಅಂತ ಅಜ್ಜ ಹೇಳುತ್ತಾ ಹೋದರು.

2025ರ ಜುಲೈನಲ್ಲಿ ಸೇತುವೆ ಆಯಿತು. ತುಂಬಾ ಒಳ್ಳೆಯದಾಯಿತು. ಹೆರಿಗೆ ನೋವು ಬಂದ ಹೆಂಗಸನ್ನು ಕರೆದುಕೊಂಡು ದಡದಲ್ಲಿ ಕಾಯುವ ಕಷ್ಟ ಪಟ್ಟವರಿಗೇ ಗೊತ್ತು. ಲಾಂಚ್ ಹೋಯಿತಲ್ಲ ಅಂತ ಯಾರಾದರೂ ಬೇಜಾರು ಮಾಡಿಕೊಂಡರೆ ನನಗೆ ಸಿಟ್ಟು ಬರುತ್ತೆ.

ದುಬೈ ಕುಂದಾಪ್ರ:
ನಮ್ಮ ಮಕ್ಕಳಿಗೆ ಇಲ್ಲಿ ದೊಡ್ಡ ರಜೆ ಜುಲೈ, ಆಗಸ್ಟ್‌ನಲ್ಲಿ. ಊರಿಗೆ ಬಂದರೆ ಜಡಿಮಳೆ. ಮಾವು ಮುಗಿದಿರುತ್ತೆ, ಯಕ್ಷಗಾನ ಮೇಳಗಳ ತಿರುಗಾಟವೂ ಮೇನಲ್ಲೇ ಮುಗಿದಿರುತ್ತೆ. ನಾನು ಗದ್ದೆಯಲ್ಲಿ ಚಾಪೆ ಹಾಸಿ ರಾತ್ರಿಯಿಡೀ ಆಟ ನೋಡಿದವ. ನನ್ನ ಮಕ್ಕಳಿಗೆ ಅದು ಇಲ್ಲವಲ್ಲ ಅಂತ ತುಂಬಾ ವರ್ಷ ಕೊರಗಿದೆ. ಅವರಿಗೆ ಸಿಕ್ಕಿದ್ದು ಬೇರೆ. ಪತ್ರೊಡೆ, ಸುಟ್ಟ ಹಲಸಿನ ಬೀಜ, ಅಜ್ಜಿ ಜೊತೆ ಚೆನ್ನೆಮಣೆ. ಹೊರಗೆ ಹೋಗಲಾಗದ ಮಳೆ, ಕರೆಂಟಿಲ್ಲ, ಇಂಟರ್ನೆಟ್ ಇಲ್ಲ. ಮಗ ಅಜ್ಜಿಯನ್ನು ಸೋಲಿಸಲೇಬೇಕು ಅಂತ ಊಟ ಬಿಟ್ಟು ಕೂರುತ್ತಿದ್ದ.

ಮೈಸೂರು ಮಲ್ಲಿಗೆ ಬಳ್ಳಿ:
ಅದು ಅಳಗುಳಿ ಮಣೆ ಅಲ್ವಾ? ನಾವು ಬೇಸಿಗೆಯಲ್ಲೇ ಆಡುತ್ತಿದ್ದೆವು. 14 ಗುಳಿ, ಒಂದೊಂದಕ್ಕೆ 5 ಹುಣಸೆ ಬೀಜ.

ದುಬೈ ಕುಂದಾಪ್ರ:
ಮಣೆ ಅದೇ. ನಮ್ಮಲ್ಲಿ 4 ಬೀಜ ಹಾಕುವುದು. ಕರಾವಳಿಯಲ್ಲಿ ಆಟಿ ತಿಂಗಳ ಮಳೆಗೆ ಮಾತ್ರ ಚೆನ್ನೆಮಣೆ ತೆಗೆಯುವುದು. ಬೇಸಿಗೆಯಲ್ಲಿ ಮುಟ್ಟಿದರೆ ಅಜ್ಜಿ ಬೈಯುತ್ತಿದ್ದರು.

ಘಾಟಿ ಗಾಡಿ:
ಹೌದು, ಪುತ್ತೂರಲ್ಲೂ ಹಾಗೇ. ಗದ್ದೆ ಕೆಲಸದ ದಿನಗಳಲ್ಲಿ ಆಟಕ್ಕೆ ಕೂತರೆ ಏಳುವುದಿಲ್ಲ ಅಂತ ಇರಬೇಕು.

ಮೈಸೂರು ಮಲ್ಲಿಗೆ ಬಳ್ಳಿ:
5 ಬೀಜ ಹಾಕಿದರೆ ಆಟ ಚೆನ್ನಾಗಿ ಬೆಳೆಯುತ್ತೆ. 4 ಹಾಕಿದರೆ ಬೇಗ ಮುಗಿಯುತ್ತೆ. ನಾನು 5ನ್ನು ಬಿಡುವುದಿಲ್ಲ.

ಗಡಿಯಾಚೆ ಮಗಳು:
ವಿಷಯಕ್ಕೆ ಬರೋಣ. ಯಾರೂ ಹೇಳದ ಒಂದು ಕಾರಣವಿದೆ, ಆಸ್ತಿ. ನಮ್ಮ ಅಜ್ಜಿ ಮನೆಯ ರಜೆ ನಿಂತದ್ದು ಮೊಬೈಲಿಂದ ಅಲ್ಲ, ಅಮ್ಮ ಪಾಲು ಕೇಳಿದ್ದಕ್ಕೆ. ಅಜ್ಜಿ ಇರುವವರೆಗೆ "ನಿಮ್ಮದೇ ಮನೆ" ಅನ್ನುತ್ತಿದ್ದವರು ಆಮೇಲೆ ಫೋನೂ ಎತ್ತಲಿಲ್ಲ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ 1994ರಲ್ಲೇ ಕಾನೂನು ಬಂತು. ಆದರೆ ಅದಕ್ಕೂ ಮೊದಲು ಮದುವೆಯಾದವರಿಗೆ ಇಲ್ಲ ಅಂದಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. 2020ರಲ್ಲಿ ಸುಪ್ರೀಂ ಕೋರ್ಟು ಹುಟ್ಟಿನಿಂದಲೇ ಹಕ್ಕು ಅಂತ ಸ್ಪಷ್ಟ ಮಾಡಿತು. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಮಾತು ನಿಂತು ಬಹಳ ಕಾಲವಾಗಿತ್ತು.

ಅಮ್ಮನಿಗೆ ಜಮೀನು ಬೇಕಿರಲಿಲ್ಲ. ಬಂದರೆ ಮಲಗಲು ಒಂದು ಕೋಣೆ ತನ್ನದು ಅಂತ ಇರಲಿ ಅನ್ನುತ್ತಿದ್ದಳು. ಮಾವನ ಮಕ್ಕಳು, ನಾವು ಈಗ ಮದುವೆ ಮನೆಗಳಲ್ಲಿ ಸಿಕ್ಕರೆ ತಲೆ ಆಡಿಸುತ್ತೇವೆ. ಅವರಲ್ಲಿ ಒಬ್ಬನ ಜೊತೆ ನಾನು ಒಂದೇ ಸೈಕಲ್ಲಿನಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡಿದ್ದೆ.

ಕೊಪ್ಪದ ಕಾಫಿ:
ಇದು ದೊಡ್ಡ ನೋವು. ಆದರೆ ಒಂದು ಮಾತು. ಊರಲ್ಲಿ ಉಳಿದು ಮುದುಕರನ್ನು ನೋಡಿಕೊಂಡವನ ಕಡೆಯೂ ನೋಡಬೇಕು. ಅಜ್ಜಿಗೆ ಕೊನೆಯ ವರ್ಷಗಳಲ್ಲಿ ಸ್ನಾನ ಮಾಡಿಸಿದ್ದು ನಮ್ಮ ಮಾವ ಅತ್ತೆ, ರಜೆಗೆ ಬಂದು ಹೋದ ನಾವಲ್ಲ.

ಗಡಿಯಾಚೆ ಮಗಳು:
ಅದನ್ನು ಅಮ್ಮನೂ ಹೇಳುತ್ತಿದ್ದಳು. ಕೂತು ಮಾತಾಡಿದ್ದರೆ ಎರಡೂ ಆಗುತ್ತಿತ್ತು. ನಾನು ಈ ಗೌರಿ ಹಬ್ಬಕ್ಕೆ ಮಾವನ ಮಗನಿಗೆ ಫೋನ್ ಮಾಡಿದೆ. ಎತ್ತಿದ. ಅಷ್ಟು ಸಾಕು ಸದ್ಯಕ್ಕೆ.

ಪಿಎಚ್‌ಸಿ ಅಕ್ಕ:
ಶಿವಮೊಗ್ಗ ಜಿಲ್ಲೆಯ ಒಂದು ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ತೀರ್ಥಹಳ್ಳಿ ಕಡೆ ಅಂದಿದ್ದರಿಂದ ಹೇಳಲೇಬೇಕು. ಮಂಗನ ಕಾಯಿಲೆ ಜಾಸ್ತಿ ಕಾಣಿಸುವುದು ಡಿಸೆಂಬರಿಂದ ಮೇವರೆಗೆ, ಅಂದರೆ ರಜೆಯ ಹೊತ್ತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ, ಇನ್ನೂ ಹೋಗಿಲ್ಲ. ಉಣುಗು ಕಚ್ಚಿ ಬರುತ್ತೆ. ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತಿರುತ್ತೆ. ನಗರದ ಮಕ್ಕಳು ಕವಳೆ ಹಣ್ಣು ಕಂಡರೆ ಚಡ್ಡಿಯಲ್ಲೇ ಕಾಡಿಗೆ ನುಗ್ಗುತ್ತಾರೆ.

ಮೊದಲು ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ, ಆ ಸುತ್ತ ಈ ವರ್ಷ ಕೇಸ್ ಇದೆಯಾ ಕೇಳಿ. ಇದ್ದರೆ ಕಾಡಿನ ಕಡೆ ಬಿಡಲೇಬೇಡಿ. ಇಲ್ಲದಿದ್ದರೂ ತುಂಬು ತೋಳಿನ ಅಂಗಿ, ಪ್ಯಾಂಟು ಹಾಕಿಸಿ, ಉಣುಗು ಹತ್ತದಂತೆ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿ. ವಾಪಸ್ ಬಂದ ಕೂಡಲೇ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ನಮಗೆ ತಿಳಿಸಿ. ಜ್ವರ ಬಂದರೆ ಮಾತ್ರೆ ನುಂಗಿ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ತೋರಿಸಿ.

ಇನ್ನೊಂದು, ಕೃಷಿ ಹೊಂಡ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಈಜು ಬರುವವರು ಬಿದ್ದರೂ ಮೇಲೆ ಹತ್ತಲು ಆಗುವುದಿಲ್ಲ, ಕಾಲು ಜಾರುತ್ತೆ. ಸುತ್ತ ಬೇಲಿ ಇದೆಯಾ ನೋಡಿ. ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಇಳಿಬಿಡಿ, ಗಾಳಿ ತುಂಬಿದ ಟ್ಯೂಬ್ ಒಂದು ಅಲ್ಲೇ ಕಟ್ಟಿಡಿ.

ಕೊಪ್ಪದ ಕಾಫಿ:
ಹೊಂಡದ ಮಾತು ನೂರಕ್ಕೆ ನೂರು ನಿಜ. ನಮ್ಮ ಹಳ್ಳ, ಬಾವಿಗೆ ಮೆಟ್ಟಿಲಿತ್ತು. ಇದಕ್ಕೆ ಹಿಡಿಯಲು ಏನೂ ಇರುವುದಿಲ್ಲ.

ಹುಣಸೆ ತೋಪು:
ಬೋರಾಗುತ್ತೆ ಅನ್ನುವ ಅಣ್ಣನಿಗೆ ಹೇಳಿ: ಆಗಲಿ ಬಿಡಿ. ಮೇಷ್ಟ್ರಾಗಿ ಹೇಳುತ್ತೇನೆ, ಮೊದಲ ವಾರ ಮಕ್ಕಳು ಕಾಟ ಕೊಡುತ್ತಾರೆ. ಆಮೇಲೆ ತಾವೇ ಏನೋ ಹುಡುಕಿಕೊಳ್ಳುತ್ತಾರೆ. ಎರಡು ದಿನದ ರೆಸಾರ್ಟಲ್ಲಿ ಒಬ್ಬರಿಗೊಬ್ಬರು ಜಗಳ ಆಡುವಷ್ಟೂ ಪರಿಚಯ ಆಗುವುದಿಲ್ಲ. ಜಗಳ ಆಡಿ, ರಾಜಿಯಾಗಿ, ಮತ್ತೆ ಆಡಲು ದಿನಗಳು ಬೇಕು. ಜೊತೆಗೆ ಕೆಲಸ ಕೊಡಿ. ಸುಮ್ನೆ ಆಟದ ಕೆಲಸ ಅಲ್ಲ, ಅವರು ಮಾಡದಿದ್ದರೆ ಮನೆ ನಡೆಯುವುದಿಲ್ಲ ಅನ್ನುವಂಥದ್ದು. ನೀರು ತರುವುದು, ದನಕ್ಕೆ ಹುಲ್ಲು ಹಾಕುವುದು, ತಟ್ಟೆ ತೊಳೆಯುವುದು. ಹುಡುಗರಿಗೂ.

ತೋಟದಾಚೆ ಮನೆ:
ಎಲ್ಲರ ಮಾತೂ ಓದಿ, ನಿನ್ನೆ ಅತ್ತೆಗೆ ಫೋನ್ ಮಾಡಿದೆ. "ಅತ್ತೆ, ನಿಜ ಹೇಳಿ, ಕಷ್ಟ ಆಗುತ್ತಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಕ್ಕಳು ಬಂದ್ರೆ ನಂಗೆ ಖುಷಿ ಕಣೇ. ಪಾತ್ರೆ ನೆನೆಸಿಕೊಂಡ್ರೆ ಕೈಕಾಲು ಬರಲ್ಲ" ಅಂದರು. ನನಗೆ ಗೊತ್ತಿರುವ ಹಾಗೆ ಅವರು ಹೀಗೆ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಹೀಗೆ ಮಾಡಿದ್ದೇವೆ. ಒಂದು ತಿಂಗಳ ಬದಲು ಮೂರು ವಾರ. ಒಂದೊಂದು ವಾರ ಒಂದೊಂದು ಮನೆಯವರು, ಗಂಡ ಹೆಂಡತಿ ಇಬ್ಬರೂ, ಅಲ್ಲಿ ಇದ್ದು ಅಡುಗೆ, ಪಾತ್ರೆ ನೋಡಿಕೊಳ್ಳಬೇಕು. ರಜೆ ಸಿಗದವರು ಊರಿನ ಇಬ್ಬರು ಹೆಂಗಸರಿಗೆ ಸರಿಯಾದ ಸಂಬಳ ಕೊಟ್ಟು ಆ ವಾರ ಕರೆಸುವುದು. ಮೊದಲ ವಾರ ಅತ್ತೆ ತಮ್ಮ ತವರಿಗೆ ಹೋಗುತ್ತಾರೆ. ಅವರ ಅಣ್ಣನ ಮನೆಗೆ ಬೇಸಿಗೆಯಲ್ಲಿ ಹೋಗಿ ಎಷ್ಟೋ ವರ್ಷ ಆಯಿತಂತೆ. ಹೊಂಡಕ್ಕೆ ಬೇಲಿ ಹಾಕಿಸುವ ಕೆಲಸ ಅಣ್ಣನದು. ಬೈದುಕೊಂಡೇ ಒಪ್ಪಿದ್ದಾನೆ. ಆಶಾ ಕಾರ್ಯಕರ್ತೆಯ ನಂಬರೂ ಸಿಕ್ಕಿತು.

ಒರಳುಕಲ್ಲು:
ಅತ್ತೆ ಬೇಸಿಗೆಯಲ್ಲಿ ತವರಿಗೆ ಹೋಗುತ್ತಾರೆ ಅಂದಿರಲ್ಲ, ಅದನ್ನು ಎರಡು ಸಲ ಓದಿದೆ. ಬಸ್ಸಿಗೆ ಹತ್ತಿಸಬೇಡಿ, ಕಾರಲ್ಲಿ ಬಿಟ್ಟು ಬನ್ನಿ.

ತೋಟದಾಚೆ ಮನೆ:
ನಾನೇ ಬಿಡುತ್ತೇನೆ. ಇನ್ನೊಂದು ಕೇಳುವುದಿತ್ತು. ಚೌಕಾಬಾರ ಆಡಲು ಕವಡೆ ಬೇಕು. ಅಜ್ಜಿಯದು ಎಲ್ಲೋ ಕಳೆದುಹೋಗಿದೆ. ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ?

ಮೈಸೂರು ಮಲ್ಲಿಗೆ ಬಳ್ಳಿ:
ಯಾವುದಾದರೂ ಗ್ರಂಧಿಗೆ ಅಂಗಡಿಯಲ್ಲಿ ಕೇಳಿ, ಪೂಜೆ ಸಾಮಾನಿನ ಜೊತೆ ಇಟ್ಟಿರುತ್ತಾರೆ. ಆಟಕ್ಕೆ 4 ಸಾಕು, ಮಕ್ಕಳು ಕಳೆದುಹಾಕುತ್ತಾರೆ, ಹತ್ತು ಹನ್ನೆರಡು ತೆಗೆದುಕೊಳ್ಳಿ. ಅಳಗುಳಿ ಮಣೆಗೆ ಮಾತ್ರ 5 ಬೀಜ, ನೆನಪಿರಲಿ.

ದುಬೈ ಕುಂದಾಪ್ರ:
4!